ರೂಪದರ್ಶಿಯ ಚೀಲದಲ್ಲಿ ಏನೇನಿತ್ತು?

1838ರಲ್ಲಿ ಲೂಯಿ ಡಗೇರ್ ಪ್ಯಾರಿಸ್ಸಿನ ತನ್ನ ಕಿಟಕಿಯಿಂದ ಬುಲೆವಾರ್ ದು ತಾಂಪ್ಲ್ ಎಂಬ ದೊಡ್ಡ ಬೀದಿಯ ಕಡೆಗೆ ಕ್ಯಾಮೆರಾ ತಿರುಗಿಸಿಟ್ಟ. ಬೀದಿಯ ತುಂಬ ಕುದುರೆಗಾಡಿಗಳು, ಜನ. ಆದರೆ ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳೇ ಬೇಕಾಗಿದ್ದುದರಿಂದ ಚಲಿಸುತ್ತಿದ್ದವರಾರೂ ಚಿತ್ರದಲ್ಲಿ ಉಳಿಯಲಿಲ್ಲ. ಬೀದಿ ಬಿಕೋ ಎನ್ನುತ್ತಿರುವಂತೆ ಕಾಣುತ್ತದೆ. ಸ್ಪಷ್ಟವಾಗಿ ಉಳಿದವನು ಒಬ್ಬನೇ: ಮೂಲೆಯಲ್ಲಿ ಒಂದು ಕಾಲನ್ನು ಎತ್ತಿಟ್ಟು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತ ಮನುಷ್ಯ. ಛಾಯಾಚಿತ್ರದಲ್ಲಿ ಸಿಕ್ಕಿದ ಮೊದಲ ಮನುಷ್ಯ ಎಂದು ಇತಿಹಾಸದ ಪುಸ್ತಕಗಳು ಇವನನ್ನೇ ತೋರಿಸುತ್ತವೆ. ಇವನ ಹೆಸರು ಯಾರಿಗೂ ಗೊತ್ತಿಲ್ಲ. ತನ್ನ ಚಿತ್ರ ತೆಗೆಯುತ್ತಿದ್ದಾರೆಂಬುದು ಅವನಿಗೂ ಗೊತ್ತಿರಲಿಲ್ಲ. ಆದರೂ ಬೂಟುಗಳು ಮಾತ್ರ ಹೊಳೆಯುತ್ತಿದ್ದಿರಬೇಕು.

ಅಂದಿನಿಂದ ಕ್ಯಾಮೆರಾ ಎದುರು ನಿಲ್ಲುವವರು ಮಾಡಿಕೊಂಡ ಸಿದ್ಧತೆಗಳಿಗೆ ಒಂದು ಇತಿಹಾಸವೇ ಇದೆ. ಇದನ್ನು ಬರೀ ಪೌಡರು, ಲಿಪ್‌ಸ್ಟಿಕ್ಕುಗಳ ಕತೆ ಎಂದು ತಳ್ಳಿಹಾಕುವಂತಿಲ್ಲ. ಯಾರ ಮುಖ, ಯಾರ ಚಿತ್ರ, ಸಿದ್ಧತೆಯ ಖರ್ಚು ಯಾರದು, ತೆಗೆದ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳೂ ಅದರೊಳಗೆ ಸೇರಿಕೊಂಡಿವೆ.

ಮೊದಮೊದಲು ಸಿದ್ಧತೆ ಎಂದರೆ ಅಲುಗಾಡದೆ ಕೂರುವುದು, ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಒಂದು ಕಂಬ ಇರುತ್ತಿತ್ತು. ಅದರ ತುದಿಯಲ್ಲಿ ಕವೆಗೋಲಿನಂಥ ಎರಡು ಬೆರಳು. ಅವು ತಲೆಯ ಹಿಂಭಾಗವನ್ನು ಹಿಡಿದುಕೊಳ್ಳುತ್ತಿದ್ದವು. ಕ್ಯಾಮೆರಾಕ್ಕೆ ಅವು ಕಾಣದಂತೆ ಕೂದಲು, ಕೋಟಿನ ಕಾಲರು ಮುಚ್ಚಬೇಕು. ಹಳೆಯ ಚಿತ್ರಗಳಲ್ಲಿ ಕೆಲವೊಮ್ಮೆ ನಿಂತವರ ಪಾದದ ಹಿಂದೆ ಈ ಕಂಬದ ಬುಡ ಇಣುಕುವುದುಂಟು. ನಮ್ಮ ಅಜ್ಜ ಮುತ್ತಜ್ಜಂದಿರು ಫೋಟೊದಲ್ಲಿ ನಗದೆ ಬಿಗಿದುಕೊಂಡಿರುವುದಕ್ಕೆ ಗಾಂಭೀರ್ಯವೇ ಕಾರಣ ಎಂದು ಭಾವಿಸುವವರು ಈ ಕಂಬವನ್ನೂ ನೆನೆಯಬೇಕು. ಅಷ್ಟು ಹೊತ್ತು ಒಂದೇ ನಗೆಯನ್ನು ಹಿಡಿದಿಡುವುದು ಯಾರಿಂದ ಸಾಧ್ಯ? 1856ರಲ್ಲಿ ಹಂಪಿಯ ಚಿತ್ರ ತೆಗೆದ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಈ ಮಟ್ಟಿಗೆ ಅದೃಷ್ಟವಂತ. ಕಲ್ಲಿನ ರಥಕ್ಕೆ ಅಲುಗಾಡಬೇಡ ಎಂದು ಹೇಳುವ ಅಗತ್ಯ ಬೀಳಲಿಲ್ಲ.

ಎರಡನೆಯ ಸಿದ್ಧತೆ ಬಣ್ಣದ್ದು. ಅಂದಿನ ರಾಸಾಯನಿಕಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿ ಬಟ್ಟೆ ತೊಟ್ಟು ಬಂದರೆ ಅಚ್ಚಿನಲ್ಲಿ ಬಿಳಿ. ಕೆಂಪು ಸೀರೆ ಉಟ್ಟರೆ ಕಪ್ಪು. ಹಣೆಯ ಕುಂಕುಮವೂ ಕಪ್ಪೇ. ಬಿಳಿಯರ ಕೆನ್ನೆಯ ನಸುಗೆಂಪು, ಮುಖದ ಮೇಲಿನ ಕಂದು ಚುಕ್ಕೆ ಕೊಳೆ ಮೆತ್ತಿದಂತೆ ಕಾಣುತ್ತಿದ್ದವು. ಆದುದರಿಂದ ಎಂಥ ಬಣ್ಣದ ಉಡುಪಿನಲ್ಲಿ ಬರಬೇಕು, ಎಂಥದು ಕೂಡದು ಎಂದು ಸ್ಟುಡಿಯೋದವರು ಗಿರಾಕಿಗಳಿಗೆ ಮೊದಲೇ ತಿಳಿಸಬೇಕಾಗುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಸಿನಿಮಾದಲ್ಲಿ ಬಳಕೆಗೆ ಬಂದ ಮೇಲೆ ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ 1928ರಲ್ಲಿ ಅದಕ್ಕೆಂದೇ ಬೇರೆ ಪ್ರಸಾಧನಗಳನ್ನು ತಯಾರಿಸಬೇಕಾಯಿತು. ಫಿಲ್ಮು ಬದಲಾದಂತೆ ಮುಖದ ಬಣ್ಣವೂ ಬದಲಾಗುತ್ತ ಬಂತು.

ಬಣ್ಣದ ಫಿಲ್ಮು ಬಂದ ಮೇಲೆ ತೊಡಕು ತೀರಬೇಕಿತ್ತು. ತೀರಲಿಲ್ಲ. 1950ರ ದಶಕದಲ್ಲಿ ಕೊಡಾಕ್ ಕಂಪನಿ ಫೋಟೊ ಅಚ್ಚುಹಾಕುವ ಪ್ರಯೋಗಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳುಹಿಸತೊಡಗಿತು. ಅದರಲ್ಲಿದ್ದವಳು ಬಿಳಿಯ ತರುಣಿ. ಮೊದಲ ಚಿತ್ರದಲ್ಲಿದ್ದವಳ ಹೆಸರು ಶರ್ಲಿ ಎಂದಿದ್ದುದರಿಂದ ಮುಂದೆ ಬಂದ ಬೇರೆ ಬೇರೆ ಹೆಂಗಸರ ಚಿತ್ರಗಳಿಗೂ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಶರ್ಲಿಯ ಚರ್ಮ ಸರಿಯಾಗಿ ಕಂಡರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ಕಪ್ಪು, ಕಂದು ಮೈಬಣ್ಣದವರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಮರದ ಪೀಠೋಪಕರಣ ಮಾಡುವವರೂ ಚಾಕೊಲೇಟ್ ಕಂಪನಿಯವರೂ ತಮ್ಮ ಸರಕಿನ ಕಂದು ಛಾಯೆಗಳು ಚಿತ್ರದಲ್ಲಿ ಬೇರೆಬೇರೆಯಾಗಿ ಕಾಣುವುದಿಲ್ಲವೆಂದು ದೂರಿದ್ದು ಕೊಡಾಕ್ ತನ್ನ ಫಿಲ್ಮನ್ನು ಸುಧಾರಿಸಲು ಒಂದು ಕಾರಣವಾಯಿತು ಎಂದು ಕಂಪನಿಯಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಮನುಷ್ಯರ ಮುಖಕ್ಕಿಂತ ಮೊದಲು ಮೇಜಿಗೆ ನ್ಯಾಯ ಸಿಕ್ಕಿತು. ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಫೋಟೊಕ್ಕೆ ಮುನ್ನ ಮುಖಕ್ಕೆ ಒಂದು ಪದರ ಪೌಡರು ಹೆಚ್ಚಾಗಿಯೇ ಮೆತ್ತಿಕೊಳ್ಳುವ ನಮ್ಮವರ ಅಭ್ಯಾಸವನ್ನು ಬರೀ ಬಿಳಿಬಣ್ಣದ ಮೋಹ ಎನ್ನುವವರಿಗೆ, ಫಿಲ್ಮಿನ ಪಾಲೂ ಅದರಲ್ಲಿದೆ ಎಂದು ಉತ್ತರಿಸಬಹುದು.

ಈ ಪೌಡರ್ ಡಬ್ಬಿ ನಮ್ಮ ಊರುಗಳ ಸ್ಟುಡಿಯೋದ ಒಂದು ಅಂಗವೇ ಆಗಿತ್ತು. ಕತ್ತಲೆ ಕೋಣೆಗೆ ಹೋಗುವ ದಾರಿಯ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಕನ್ನಡಿ, ನಾಲ್ಕಾರು ಹಲ್ಲು ಮುರಿದ ಬಾಚಣಿಗೆ, ಎಲ್ಲರ ಅಳತೆಗೂ ಒಂದೇ ಆದ ಕಪ್ಪು ಕೋಟು. ಅರ್ಜಿಗೆ ಅಂಟಿಸುವ ಫೋಟೊಗೆ ಊರಿನ ಅರ್ಧದಷ್ಟು ಹುಡುಗರು ಆ ಒಂದೇ ಕೋಟಿನಲ್ಲಿ ಹೊಕ್ಕು ಹೊರಬರುತ್ತಿದ್ದರು. ಹೆಣ್ಣುಮಕ್ಕಳಿಗೆ ‘ತೋರಿಸುವ ಫೋಟೊ’. ಮದುವೆಯ ಮಾತಿಗೆ ಮುನ್ನ ಗಂಡಿನ ಮನೆಗೆ ಹೋಗುವ ಆ ಒಂದು ಚಿತ್ರಕ್ಕಾಗಿ ಅಕ್ಕನ ಸರ, ಅತ್ತಿಗೆಯ ರೇಷ್ಮೆ ಸೀರೆ ಎಲ್ಲ ಕೈಗಡವಾಗಿ ಬರುತ್ತಿದ್ದವು. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಜಿ.ಕೆ. ವೇಲ್ ಸ್ಟುಡಿಯೋದ ಹೆಸರು ಎಷ್ಟೋ ಮನೆಗಳಲ್ಲಿ ನೆನಪಿರುವುದು ಇಂಥ ಫೋಟೊಗಳಿಂದಲೇ. ಒಂದರ್ಥದಲ್ಲಿ ಆ ಹುಡುಗಿಯರೆಲ್ಲ ಒಂದು ದಿನದ ರೂಪದರ್ಶಿಯರು. ಆದರೆ ಅವರನ್ನು ಯಾರೂ ಹಾಗೆ ಕರೆಯಲಿಲ್ಲ.

‘ರೂಪದರ್ಶಿ’ ಎಂಬುದು ಪತ್ರಿಕೆಗಳು ಬಳಕೆಗೆ ತಂದ ಒಳ್ಳೆಯ ಮಾತು. ಇಂಗ್ಲಿಷಿನ ‘ಮಾಡೆಲ್’ ಪದದ ಬೇರು ‘ಚಿಕ್ಕ ಅಳತೆ’ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಎದೆ, ಸೊಂಟ, ನಿತಂಬಗಳ ಸುತ್ತಳತೆಯನ್ನು ಟೇಪು ಹಿಡಿದು ಬರೆದಿಡುವ ಉದ್ಯೋಗಕ್ಕೆ ಆ ಹೆಸರು ಹೊಂದುತ್ತದೆ. ಕನ್ನಡದ ಪದ ಸ್ವಲ್ಪ ಹೆಚ್ಚು ಮರ್ಯಾದೆಯದು.

ತನ್ನ ಚಿತ್ರಕ್ಕೆ ತಾನೇ ಸಿದ್ಧತೆ ನಡೆಸಿ, ತಾನೇ ಹಣ ಕೊಟ್ಟು, ಹೇಗೆ ತೆಗೆಯಬೇಕೆಂದು ಛಾಯಾಗ್ರಾಹಕನಿಗೆ ಹೇಳಿದ ಹೆಂಗಸೊಬ್ಬಳಿದ್ದಳು. ಕ್ಯಾಸ್ಟಿಲಿಯೋನೆಯ ಕೌಂಟೆಸ್ ಎಂದು ಪ್ರಸಿದ್ಧಳಾದ ಇಟಲಿಯ ವರ್ಜೀನಿಯಾ ಓಲ್ದೊಯಿನಿ. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಪ್ರೇಯಸಿಯಾಗಿದ್ದ ಈಕೆ 1856ರಿಂದ ಪಿಯರ್ ಲೂಯಿ ಪಿಯರ್ಸನ್ ಎಂಬ ಛಾಯಾಗ್ರಾಹಕನಿಂದ 400ಕ್ಕೂ ಹೆಚ್ಚು ಚಿತ್ರ ತೆಗೆಸಿಕೊಂಡಳು. ಉಡುಪು, ಭಂಗಿ, ಕ್ಯಾಮೆರಾ ಇಡುವ ಕೋನ ಎಲ್ಲವೂ ಅವಳ ಆಯ್ಕೆ. ಅವಳಿಗೆ ಹಣವಿತ್ತು, ಅದು ನಡೆಯಿತು. ನಮ್ಮಲ್ಲಿ ಹೈದರಾಬಾದಿನ ಲಾಲಾ ದೀನ್ ದಯಾಳ್ 1892ರಲ್ಲಿ ಪರದೆಯ ಹೆಂಗಸರಿಗಾಗಿ ಎತ್ತರದ ಗೋಡೆಗಳ ನಡುವೆ ಪ್ರತ್ಯೇಕ ಸ್ಟುಡಿಯೋ ಕಟ್ಟಿಸಿ, ಅದನ್ನು ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯ ಕೈಗೆ ಒಪ್ಪಿಸಿದ. ಅಲ್ಲಿಯೂ ಬಂದವರು ಸಿರಿವಂತರ ಮನೆಯವರೇ. ಚಿತ್ರ ತೆಗೆಸಿಕೊಂಡು ಹಣ ಕೊಡುವವರ ಕಾಲ ಅದು. ಚಿತ್ರ ತೆಗೆಸಿಕೊಂಡು ಹಣ ಪಡೆಯುವವರು ಇನ್ನೂ ಹುಟ್ಟಬೇಕಿತ್ತು.

ಅವರು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ವೋಗ್ ಪತ್ರಿಕೆ 1913ರಲ್ಲಿ ಬ್ಯಾರನ್ ಅಡಾಲ್ಫ್ ದ ಮೇಯರ್ ಎಂಬಾತನನ್ನು ತನ್ನ ಛಾಯಾಗ್ರಾಹಕನಾಗಿ ನೇಮಿಸಿಕೊಂಡಾಗ ಅವನ ಮುಂದೆ ನಿಲ್ಲುತ್ತಿದ್ದವರು ಶ್ರೀಮಂತ ಕುಟುಂಬದ ಸ್ತ್ರೀಯರು, ನಟಿಯರು. 1923ರಲ್ಲಿ ಜಾನ್ ರಾಬರ್ಟ್ ಪವರ್ಸ್ ಎಂಬ ಮಾಜಿ ನಟ ರೂಪದರ್ಶಿಯರನ್ನು ಒದಗಿಸುವ ಏಜೆನ್ಸಿಯೊಂದನ್ನು ತೆರೆದ. ಚಿತ್ರ, ಎತ್ತರ, ಅಳತೆಗಳನ್ನು ಅಚ್ಚುಹಾಕಿಸಿ ಜಾಹೀರಾತು ಕಂಪನಿಗಳಿಗೆ ಕಳುಹಿಸಿದ. ಅಲ್ಲಿಂದ ಹೊಸ ಹುಡುಗಿಯ ಕೈಗೆ ಒಂದು ಚೀಲ ಬಂತು.

ಪವರ್ಸ್ ಏಜೆನ್ಸಿಯ ಹುಡುಗಿಯರನ್ನು ಬೀದಿಯಲ್ಲಿ ಗುರುತು ಹಿಡಿಯುತ್ತಿದ್ದುದು ಅವರ ಕೈಯಲ್ಲಿನ ದುಂಡನೆಯ ಟೋಪಿ ಪೆಟ್ಟಿಗೆಯಿಂದ. ಅದರೊಳಗೆ ಟೋಪಿ ಇರುತ್ತಿರಲಿಲ್ಲ. ಪ್ರಸಾಧನ ಸಾಮಗ್ರಿ, ಬದಲಿ ಬೂಟು, ಕೈಗವಸು, ಆಭರಣ ಇರುತ್ತಿದ್ದವು. ಇಂದಿನ ಚಿತ್ರೀಕರಣದಲ್ಲಿ ಕೂದಲಿಗೊಬ್ಬರು, ಮುಖಕ್ಕೊಬ್ಬರು, ಬಟ್ಟೆಗೊಬ್ಬರು ಕಾದು ನಿಂತಿರುತ್ತಾರೆ. 1960ರ ದಶಕದವರೆಗೆ ಬಹುಪಾಲು ರೂಪದರ್ಶಿಯರು ಇದೆಲ್ಲವನ್ನೂ ತಾವೇ ಮಾಡಿಕೊಳ್ಳಬೇಕಾಗಿತ್ತು. ಸವುರಿ, ಕೃತಕ ರೆಪ್ಪೆ, ಮೈಗೆ ಹೊಂದುವ ಒಳಉಡುಪು, ಬೇರೆ ಬೇರೆ ಎತ್ತರದ ಹಿಮ್ಮಡಿಯ ಬೂಟು ಎಲ್ಲ ಅವರವೇ. ಬಸ್ಸಿನಲ್ಲೋ ಸುರಂಗ ರೈಲಿನಲ್ಲೋ ಅದನ್ನು ಹೊತ್ತು ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಓಡಬೇಕು. ಸಂಬಳ ಗಂಟೆಯ ಲೆಕ್ಕದಲ್ಲಿ. ಕನ್ನಡಿಯ ಮುಂದೆ ಕಳೆದ ಹೊತ್ತು ಆ ಗಂಟೆಯೊಳಗೆ ಬರುತ್ತದೆಯೇ ಇಲ್ಲವೇ ಎಂಬುದು ಸಣ್ಣ ಜಗಳವಲ್ಲ.

ಹಣ ಬರುವುದು ತಡವಾಗುತ್ತಿತ್ತು. 1946ರಲ್ಲಿ ಐಲೀನ್ ಫೋರ್ಡ್ ತನ್ನ ಗಂಡನೊಡನೆ ಶುರುಮಾಡಿದ ಏಜೆನ್ಸಿ ಇದಕ್ಕೊಂದು ದಾರಿ ಹುಡುಕಿತು. ಗಿರಾಕಿ ಹಣ ಕೊಡುವವರೆಗೆ ಕಾಯಿಸದೆ, ಹುಡುಗಿ ತಂದ ಚೀಟಿಯ ಮೇಲೆ ಏಜೆನ್ಸಿಯೇ ಮುಂಗಡವಾಗಿ ಸಂಬಳ ಕೊಡುವುದು. ಕಿರಾಣಿ ಅಂಗಡಿಯ ಸಾಲದ ಪುಸ್ತಕದಷ್ಟು ಸರಳವಾದ ಈ ಉಪಾಯವೇ ಮುಂದೆ ಆ ಉದ್ಯಮದ ಪದ್ಧತಿಯಾಯಿತು. 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸೊಂದರ ಆನೆಗಳ ನಡುವೆ ರಿಚರ್ಡ್ ಅವೆಡನ್ ತೆಗೆದ ಚಿತ್ರದಿಂದ ಲೋಕಪ್ರಸಿದ್ಧಳಾದ ದೋವಿಮಾ ಆ ಕಾಲದ ಅತಿ ದುಬಾರಿ ರೂಪದರ್ಶಿ. ನಿಮಿಷಕ್ಕೊಂದು ಡಾಲರಿನ ಹುಡುಗಿ ಎಂದು ಅವಳ ಹೆಸರಿಗೆ ಬಾಲ ಅಂಟಿತ್ತು. 1990ರಲ್ಲಿ ತೀರಿಕೊಳ್ಳುವುದಕ್ಕೆ ಮುನ್ನ ಆಕೆ ಫ್ಲಾರಿಡಾದ ಪಿಜ್ಜಾ ಹೋಟೆಲೊಂದರಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದಳು.

ಚೀಲದಲ್ಲಿ ಇರಬೇಕಾಗಿದ್ದು ಬಹಳ ಕಾಲ ಇಲ್ಲದೇ ಹೋದ ವಸ್ತು ಒಂದಿತ್ತು: ಕಾಗದ. ಲೀ ಮಿಲ್ಲರ್ ಎಂಬ ಅಮೆರಿಕದ ತರುಣಿಯ ಕತೆ ಇದಕ್ಕೆ ಸಾಕ್ಷಿ. ನ್ಯೂಯಾರ್ಕಿನ ರಸ್ತೆಯಲ್ಲಿ ಕಾರಿನಡಿ ಸಿಕ್ಕಲಿದ್ದವಳನ್ನು ಹಿಂದಕ್ಕೆಳೆದು ಉಳಿಸಿದವನು ವೋಗ್ ಪತ್ರಿಕೆಯ ಒಡೆಯ ಕಾಂಡೆ ನಾಸ್ಟ್. 1927ರ ಮಾರ್ಚಿನಲ್ಲಿ ಅವಳ ಮುಖ ಅದೇ ಪತ್ರಿಕೆಯ ಮುಖಪುಟದಲ್ಲಿ ಚಿತ್ರವಾಗಿ ಬಂತು. ಎಡ್ವರ್ಡ್ ಸ್ಟೈಕನ್‌ನಂಥ ದೊಡ್ಡ ಛಾಯಾಗ್ರಾಹಕ ಅವಳ ಚಿತ್ರಗಳನ್ನು ತೆಗೆದ. ಅವುಗಳಲ್ಲೊಂದು, ಉದ್ದ ನಿಲುವಂಗಿಯಲ್ಲಿ ಘನತೆಯಿಂದ ನಿಂತದ್ದು, ಅವಳನ್ನು ಕೇಳದೆಯೇ ಕೋಟೆಕ್ಸ್ ಎಂಬ ಸ್ಯಾನಿಟರಿ ನ್ಯಾಪ್‌ಕಿನ್ನಿನ ಜಾಹೀರಾತಿಗೆ ಹೋಯಿತು. ಮುಟ್ಟಿನ ಮಾತನ್ನು ಪಿಸುದನಿಯಲ್ಲೂ ಆಡಲು ಹಿಂಜರಿಯುತ್ತಿದ್ದ ಕಾಲ. ಅಂಥ ಜಾಹೀರಾತಿನಲ್ಲಿ ಗುರುತು ಹಿಡಿಯಬಹುದಾದ ನಿಜವಾದ ಹೆಂಗಸಿನ ಮುಖ ಅದಕ್ಕೆ ಮುನ್ನ ಬಂದಿರಲಿಲ್ಲ. ಒಳ್ಳೆಯ ಉಡುಪಿನ ಕಂಪನಿಗಳಿಗೆ ಆ ಮುಖ ಬೇಡವಾಯಿತು. 1929ರಲ್ಲಿ ಆಕೆ ಪ್ಯಾರಿಸ್ಸಿಗೆ ಹೊರಟಳು. ಅಲ್ಲಿ ಮ್ಯಾನ್ ರೇ ಬಳಿ ಕ್ಯಾಮೆರಾ ಹಿಡಿಯುವುದನ್ನು ಕಲಿತಳು. ಎರಡನೆಯ ಮಹಾಯುದ್ಧದಲ್ಲಿ ಯುದ್ಧ ವರದಿಗಾರ್ತಿಯಾಗಿ ಡಾಖಾವ್ ಯಾತನಾಶಿಬಿರದ ಚಿತ್ರಗಳನ್ನು ಜಗತ್ತಿಗೆ ಕೊಟ್ಟವರಲ್ಲಿ ಅವಳೂ ಒಬ್ಬಳು. ಕ್ಯಾಮೆರಾದ ಆ ಬದಿಯಿಂದ ಈ ಬದಿಗೆ ಬಂದದ್ದು ಅವಳಿಗೆ ಒಳ್ಳೆಯದೇ ಆಯಿತೆನ್ನಿ. ಹಾಗೆಂದು ಅವಳಿಗಾದ ಅನ್ಯಾಯ ಅನ್ಯಾಯವಲ್ಲದೇ ಹೋಗುವುದಿಲ್ಲ. ಚಿತ್ರ ಎಲ್ಲೆಲ್ಲಿ, ಎಷ್ಟು ಕಾಲ, ಯಾವ ಸರಕಿಗೆ ಬಳಕೆಯಾಗಬಹುದು ಎಂದು ಬರೆದು ಸಹಿ ಮಾಡುವ ಒಪ್ಪಿಗೆ ಪತ್ರ ಇಂದು ಪ್ರತಿ ಚಿತ್ರೀಕರಣದ ಭಾಗ. ಹೊಸಬರು ಲಿಪ್‌ಸ್ಟಿಕ್ಕಿನ ಬಣ್ಣವನ್ನು ಮೂರು ಸಲ ಪರೀಕ್ಷಿಸಿ, ಈ ಕಾಗದವನ್ನು ಓದದೆಯೇ ಸಹಿ ಹಾಕುವುದು ಇಂದಿಗೂ ಇದೆ.

ಭಾರತದಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಜಾಹೀರಾತಿಗೆ ನಿಲ್ಲುವುದು ಬಹಳ ಕಾಲ ದೂರದ ಮಾತಾಗಿತ್ತು. ಈ ಗೋಡೆಯಲ್ಲಿ ಬಾಗಿಲು ತೆರೆದವರಲ್ಲಿ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಒಬ್ಬರು. ಇಂಗ್ಲಿಷ್ ಪ್ರಾಧ್ಯಾಪಕರ ಮಗಳು, ಪದವೀಧರೆ. ‘ಕಂಗನ್’, ‘ಬಂಧನ್’ ಚಿತ್ರಗಳಲ್ಲಿ ಅಶೋಕ್ ಕುಮಾರ್ ಜೊತೆ ನಾಯಕಿಯಾಗಿ ಹೆಸರಾಗಿದ್ದ ಅವರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ. ಅವರ ನಂತರ ಬಂದ ಹಿಂದಿ ನಾಯಕಿಯರ ಸಾಲು ಎಷ್ಟು ಉದ್ದವೆಂದರೆ, ಲಕ್ಸ್‌ನಲ್ಲಿ ಬಾರದವರನ್ನು ಎಣಿಸುವುದೇ ಸುಲಭ.

ತಾರೆಯಲ್ಲದವಳಿಗೆ ಮಾತ್ರ ದಾರಿ ಅಷ್ಟು ಸಲೀಸಾಗಿರಲಿಲ್ಲ. 1966ರ ಎರಡು ಕತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಲಂಡನ್ನಿನಲ್ಲೇ ನಡೆದವು. ಆ ವರ್ಷದ ಆರಂಭದಲ್ಲಿ 16 ವರ್ಷದ ಲೆಸ್ಲಿ ಹಾರ್ನ್‌ಬಿ ಎಂಬ ಸಣಕಲು ಹುಡುಗಿ ಲಿಯೊನಾರ್ಡ್ ಎಂಬ ಕೇಶವಿನ್ಯಾಸಕಾರನ ಅಂಗಡಿಗೆ ಹೋದಳು. ಹೊಸ ಬಗೆಯ ಗಿಡ್ಡ ಕತ್ತರಿಕೆಯನ್ನು ಪ್ರಯೋಗಿಸಿ ನೋಡಲು ಅವನಿಗೊಂದು ತಲೆ ಬೇಕಿತ್ತು. ಕತ್ತರಿ, ಬಣ್ಣ, ಮತ್ತೆ ಕತ್ತರಿ ಎಂದು ಗಂಟೆಗಟ್ಟಲೆ ಹಿಡಿಯಿತು. ಬ್ಯಾರಿ ಲಾಟೆಗನ್ ತೆಗೆದ ಅವಳ ಚಿತ್ರಗಳನ್ನು ಲಿಯೊನಾರ್ಡ್ ಅಂಗಡಿಯ ಗೋಡೆಗೆ ಹಾಕಿದ. ಅವನ್ನು ನೋಡಿದ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯ ಲೇಖಕಿ, ಅವಳದೇ ಈ ವರ್ಷದ ಮುಖ ಎಂದು ಬರೆದಳು. ಜಗತ್ತಿಗೆ ಟ್ವಿಗ್ಗಿ ಸಿಕ್ಕಿದ್ದು ಹೀಗೆ. ಕಣ್ಣಿನ ಕೆಳಗೆ ಕುಂಚದಿಂದ ಬಿಡಿಬಿಡಿಯಾಗಿ ಎಳೆದುಕೊಳ್ಳುತ್ತಿದ್ದ ರೆಪ್ಪೆಗಳು ಅವಳದೇ ಕೈಚಳಕ. ಕೇವಲ ನಾಲ್ಕು ವರ್ಷ ಕೆಲಸ ಮಾಡಿ 1970ರಲ್ಲಿ ಆಕೆ ರೂಪದರ್ಶಿ ವೃತ್ತಿಯನ್ನು ಬಿಟ್ಟಳು.

ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ ರೀಟಾ ಫಾರಿಯಾ ವಿಶ್ವಸುಂದರಿ ಸ್ಪರ್ಧೆಗೆಂದು ಲಂಡನ್ನಿಗೆ ಬಂದಿಳಿದರು. ಪೆಟ್ಟಿಗೆಯಲ್ಲಿದ್ದುದು ಎರವಲು ಸೀರೆ. ಈಜುಡುಗೆಯೂ ಎರವಲು, ಅದನ್ನು ಕೊಟ್ಟವರು ಆಗಲೇ ರೂಪದರ್ಶಿಯಾಗಿ ಹೆಸರು ಮಾಡುತ್ತಿದ್ದ ಪರ್ಸಿಸ್ ಖಂಬಾಟಾ. ಕಿಸೆಯಲ್ಲಿ ಮೂರು ಪೌಂಡ್ ಇತ್ತು ಎಂಬ ಮಾತು ಪ್ರಸಿದ್ಧ. ಎರವಲು ಈಜುಡುಗೆ ಮೈಗೆ ಸರಿಹೋಗದೆ ಆ ಹಣ ಹೊಸದನ್ನು ಕೊಳ್ಳಲು ಹೋಯಿತೆಂದೂ ಹೇಳುತ್ತಾರೆ. ನವೆಂಬರ್ 17ರ ರಾತ್ರಿ ಕಿರೀಟ ಅವರ ತಲೆಗೇರಿತು. ಏಷ್ಯಾದಿಂದ ಅದನ್ನು ಗೆದ್ದವರಲ್ಲಿ ಅವರೇ ಮೊದಲಿಗರು. ಒಂದು ವರ್ಷದ ಕರಾರು ಮುಗಿದೊಡನೆ ರೂಪದರ್ಶಿಯಾಗುವ ಆಹ್ವಾನಗಳನ್ನೆಲ್ಲ ಬದಿಗಿಟ್ಟು ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಓದು ಮುಂದುವರಿಸಿ ಡಾಕ್ಟರಾದರು. ಒಬ್ಬಳಿಗೆ ಅಂಗಡಿ, ಛಾಯಾಗ್ರಾಹಕ, ಪತ್ರಿಕೆ ಎಲ್ಲವೂ ಒಂದೇ ಊರಿನಲ್ಲಿ ಸಾಲಾಗಿ ನಿಂತಿದ್ದವು. ಇನ್ನೊಬ್ಬರಿಗೆ ಇದ್ದದ್ದು ಗೆಳತಿಯರ ಕಪಾಟು.

ಕಪಾಟಿನ ಕತೆ ಅಲ್ಲಿಗೇ ನಿಲ್ಲಲಿಲ್ಲ. 1994ರಲ್ಲಿ ಮಿಸ್ ಇಂಡಿಯಾ ವೇದಿಕೆಯ ಮೇಲೆ ಸುಶ್ಮಿತಾ ಸೇನ್ ತೊಟ್ಟ ನಿಲುವಂಗಿಯ ಬಟ್ಟೆ ದಿಲ್ಲಿಯ ಸರೋಜಿನಿ ನಗರದ ಮಾರುಕಟ್ಟೆಯದು. ಹೊಲಿದವನು ಲಂಗ ಹೊಲಿಯುವ ನೆರೆಹೊರೆಯ ದರ್ಜಿ. ಕೈಗವಸುಗಳನ್ನು ಹೊಸ ಕಾಲುಚೀಲ ಕತ್ತರಿಸಿ ಮಾಡಿದ್ದು. ಇದನ್ನು ಅವರೇ ದೂರದರ್ಶನದ ಪರದೆಯ ಮೇಲೆ ನಗುತ್ತ ಹೇಳಿಕೊಂಡಿದ್ದಾರೆ. ಆ ವರ್ಷ ಅವರು ಭುವನಸುಂದರಿ, ಮಂಗಳೂರಿನ ಬಂಟ ಮನೆತನದ ಐಶ್ವರ್ಯಾ ರೈ ವಿಶ್ವಸುಂದರಿ. ಎರಡೇ ವರ್ಷಗಳಲ್ಲಿ, 1996ರ ನವೆಂಬರ್ 23ರಂದು, ವಿಶ್ವಸುಂದರಿ ಸ್ಪರ್ಧೆಯೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ಹೊರಗೆ ರೈತ ಸಂಘಟನೆಗಳು, ಮಹಿಳಾ ಸಂಘಟನೆಗಳು, ಸಂಪ್ರದಾಯವಾದಿಗಳು ಬೇರೆಬೇರೆ ಕಾರಣಗಳಿಗಾಗಿ ಒಟ್ಟಿಗೇ ಪ್ರತಿಭಟಿಸಿದರು. ಈಜುಡುಗೆಯ ಸುತ್ತು ಸೆಶಲ್ಸ್ ದ್ವೀಪಗಳಿಗೆ ವರ್ಗವಾಯಿತು. ಹೆಣ್ಣನ್ನು ಸರಕಾಗಿಸುತ್ತಾರೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ಸರಕಿನ ಕೂಲಿ, ಕರಾರು, ಸುರಕ್ಷತೆಗಳ ಬಗ್ಗೆ ಒಳಗಿನವರೂ ಹೊರಗಿನವರೂ ಅಷ್ಟಾಗಿ ಮಾತನಾಡಲಿಲ್ಲ.

ಮಾತನಾಡಬೇಕಿತ್ತು. ಏಕೆಂದರೆ ಆ ಹೊತ್ತಿಗೆ ಊರೂರಿನಲ್ಲಿ ‘ಪೋರ್ಟ್‌ಫೋಲಿಯೊ’ ಎಂಬ ಹೊಸ ಶಬ್ದ ಹುಟ್ಟಿಕೊಂಡಿತ್ತು. ಹಲವು ಭಂಗಿ, ಹಲವು ಉಡುಪುಗಳಲ್ಲಿ ತೆಗೆಸಿದ ಚಿತ್ರಗಳ ಆಲ್ಬಂ. ಅದಿಲ್ಲದೆ ಯಾರೂ ಬಾಗಿಲು ತೆರೆಯುವುದಿಲ್ಲ ಎಂದು ನಂಬಿಸಿ, ತಮ್ಮಲ್ಲೇ ತೆಗೆಸಬೇಕೆಂದು ಸಾವಿರಾರು ರೂಪಾಯಿ ಕೇಳಿ, ಆಮೇಲೆ ಫಲಕವನ್ನೇ ಕಳಚಿಕೊಂಡು ಹೋಗುವ ಕಚೇರಿಗಳು ಅಂದೂ ಇದ್ದವು, ಇಂದೂ ಇವೆ. ನಿಜವಾದ ಏಜೆನ್ಸಿ ಹಣ ಸಂಪಾದಿಸುವುದು ರೂಪದರ್ಶಿಯ ದುಡಿಮೆಯ ಪಾಲಿನಿಂದ. ಅವಳ ಕನಸಿನಿಂದ ಅಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಎಷ್ಟೋ ಅಪ್ಪಂದಿರ ಉಳಿತಾಯ ಉಳಿಯುತ್ತಿತ್ತು.

ಅಷ್ಟೆಲ್ಲ ಆಲ್ಬಂ ಹೊತ್ತು ಹೋದವಳಿಗೆ ಒಳ್ಳೆಯ ಏಜೆನ್ಸಿ ಮೊದಲು ಹೇಳುವುದು ಏನು? ಮುಖ ತೊಳೆದುಕೊಂಡು ಬಾ. ಕೂದಲು ಹಿಂದಕ್ಕೆ ಕಟ್ಟಿರಲಿ, ಪ್ರಸಾಧನ ಬೇಡ, ಮೈಗಂಟುವ ಸಾದಾ ಬನಿಯನ್ನು, ಜೀನ್ಸು ಸಾಕು. ಕಿಟಕಿಯ ಬೆಳಕಿನಲ್ಲಿ ಎದುರಿನಿಂದ ಒಂದು, ಪಕ್ಕದಿಂದ ಒಂದು, ನಿಲುವಿನದೊಂದು. ಹಿಂದೆ ಇದನ್ನು ಪೊಲರಾಯ್ಡ್ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರಾದ್ದರಿಂದ ಇಂದಿಗೂ ‘ಪೊಲರಾಯ್ಡ್’ ಎನ್ನುವವರಿದ್ದಾರೆ. ಮನೆಯವರ ಮೊಬೈಲಿನಲ್ಲಿ ತೆಗೆದರೂ ನಡೆಯುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಕಾಯಿದೆಗಳು ಕುಂಟುತ್ತ ಹಿಂದೆ ಬರುತ್ತಿವೆ. ಅತಿಯಾಗಿ ಮೈ ಬಡಕಲಾಗಿಸಿಕೊಳ್ಳುವ ಸಿದ್ಧತೆಯಿಂದ ಪ್ರಾಣವನ್ನೇ ಕಳೆದುಕೊಂಡವರಿದ್ದಾರೆ. 2017ರಿಂದ ಫ್ರಾನ್ಸಿನಲ್ಲಿ ರೂಪದರ್ಶಿಯಾಗಲು ವೈದ್ಯರ ಪ್ರಮಾಣಪತ್ರ ಬೇಕು. ಜಾಹೀರಾತಿನ ಚಿತ್ರದಲ್ಲಿ ದೇಹದ ಆಕಾರವನ್ನು ತಿದ್ದಿದ್ದರೆ ತಿದ್ದಿದೆ ಎಂದು ಅಚ್ಚುಹಾಕಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜೂನಿನಿಂದ ಜಾರಿಗೆ ಬಂದ ಕಾಯಿದೆ ಏಜೆನ್ಸಿಯ ಕಮಿಷನ್ನಿಗೆ ಶೇ. 20ರ ಮಿತಿ ಹಾಕಿದೆ. ಕಂಪ್ಯೂಟರಿನಲ್ಲಿ ರೂಪದರ್ಶಿಯ ಪ್ರತಿರೂಪವನ್ನು ತಯಾರಿಸಿ ಬಳಸುವುದಾದರೆ ಅದಕ್ಕೆ ಪ್ರತ್ಯೇಕವಾಗಿ ಬರವಣಿಗೆಯ ಒಪ್ಪಿಗೆ ಪಡೆಯಬೇಕೆಂದೂ ಅದು ಹೇಳುತ್ತದೆ. ಅದೇ ವರ್ಷ ಸ್ವೀಡನ್ನಿನ ಬಟ್ಟೆ ಕಂಪನಿ ಎಚ್ ಅಂಡ್ ಎಂ 30 ಮಂದಿ ರೂಪದರ್ಶಿಯರ ಇಂಥ ಪ್ರತಿರೂಪಗಳನ್ನು ಅವರ ಸಮ್ಮತಿಯಿಂದ ಮಾಡಿಸುವುದಾಗಿ ಪ್ರಕಟಿಸಿತು. ಪ್ರತಿರೂಪದ ಹಕ್ಕು ಆಯಾ ರೂಪದರ್ಶಿಯದೇ, ಅದನ್ನು ಬಳಸಿದಾಗ ಸಂಭಾವನೆ ಅವರಿಗೇ ಎಂಬುದು ಕಂಪನಿಯ ಮಾತು. ಈ ಪ್ರತಿರೂಪಗಳು ಚೀಲ ಹೊತ್ತು ತಿರುಗಬೇಕಾಗಿಲ್ಲ. ಅವುಗಳ ಮುಖಕ್ಕೆ ಪೌಡರು ಹಚ್ಚುತ್ತಿದ್ದವರು, ಕೂದಲು ಬಾಚುತ್ತಿದ್ದವರು, ಬೆಳಕಿನ ದೀಪ ಹಿಡಿಯುತ್ತಿದ್ದವರು ತಮ್ಮ ಗತಿ ಏನು ಎಂದು ಕೇಳತೊಡಗಿದ್ದಾರೆ.